ಮೆಟ್ಟಿಲ ಗೋಡೆಯ ದೇವರನ್ನು ಕದಲಿಸಿದ್ದು

ಶನಿವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಸುಮ್ಮನೆ ಕೆಳಗೆ ನೋಡಿದೆ. ಹತ್ತು ಹನ್ನೆರಡು ಜನ ಅಪರಿಚಿತರು ರಸ್ತೆಯಲ್ಲಿ ಗುಂಪಾಗಿ ನಿಂತು ನನ್ನ ಕಡೆಗೆ ಮೊಬೈಲ್ ಎತ್ತಿ ಹಿಡಿದಿದ್ದರು. ನನ್ನ ಕೈಯಲ್ಲಿ ನಮ್ಮ ಯಜಮಾನರ ಒದ್ದೆ ಬನಿಯನ್ನು. ಗುಂಪಿನ ಮುಂದೆ ತಲೆಗೆ ಹಳದಿ ವಸ್ತ್ರ ಸುತ್ತಿಕೊಂಡ ಹುಡುಗಿಯೊಬ್ಬಳು ನನ್ನ ಬಾಲ್ಕನಿಯನ್ನೇ ಕೈಮಾಡಿ ತೋರಿಸುತ್ತ ಇಂಗ್ಲಿಷಿನಲ್ಲಿ ಏನೋ ವಿವರಿಸುತ್ತಿದ್ದಳು. ಉಳಿದವರು ಹರಿಕಥೆ ಕೇಳುವವರ ಹಾಗೆ ತಲೆಯಾಡಿಸುತ್ತಿದ್ದರು. ನೈರೋಬಿಗೆ ಬಂದು ಆರು ವರ್ಷವಾಗುತ್ತ ಬಂದಿತ್ತು. ಅಲ್ಲಿಯವರೆಗೆ ಈ ಊರಿನವರು ಯಾರೂ ನನ್ನನ್ನು ತಲೆಯೆತ್ತಿ ನೋಡಿದ್ದಿಲ್ಲ. ಬನಿಯನ್ನನ್ನು ಬಕೆಟ್ಟಿಗೆ ಹಾಕಿ ಒಳಗೆ ಸರಿದೆ.

ಅವರು ನೋಡುತ್ತಿದ್ದುದು ನನ್ನನ್ನಲ್ಲ, ನಮ್ಮ ಕಟ್ಟಡವನ್ನು ಎಂದು ಆಮೇಲೆ ತಿಳಿಯಿತು. ಪಾರ್ಕ್‌ಲ್ಯಾಂಡ್ಸಿನ ಒಂದು ಅಡ್ಡರಸ್ತೆಯಲ್ಲಿರುವ ನಾಲ್ಕು ಮಹಡಿಯ ಹಳೆಯ ಕಟ್ಟಡ ಅದು. ಲಿಫ್ಟಿಲ್ಲ. ನಲ್ಲಿಯಲ್ಲಿ ನೀರು ಬರುವುದು ಅದಕ್ಕೆ ಮನಸ್ಸು ಬಂದಾಗ. ಕಿಟಕಿಗಳ ಮುಂದೆ ಕಾಂಕ್ರೀಟಿನ ಉದ್ದುದ್ದ ಪಟ್ಟಿಗಳು ನಿಂತಿವೆ, ಅಡುಗೆಮನೆಯ ಕಡೆ ಜಾಲಂಧ್ರದ ಇಟ್ಟಿಗೆಗಳು. ಆ ಪಟ್ಟಿಗಳ ಮೇಲೆ ಕೂರುವ ಧೂಳು ಒರೆಸಿ ಒರೆಸಿ ನನ್ನ ಭುಜ ಬಿದ್ದುಹೋಗಿತ್ತು. ಅಂಥದನ್ನು ನೋಡಲು ಜನ ಟಿಕೆಟ್ ತೆಗೆದುಕೊಂಡು ಬರುತ್ತಾರೆಂದರೆ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಕಟ್ಟಡವನ್ನು ಕೆಡವುತ್ತೇವೆ, ಎಲ್ಲರೂ ಖಾಲಿ ಮಾಡಬೇಕು ಎಂಬ ನೋಟೀಸು ಆ ಯುಗಾದಿ ಕಳೆದ ಸ್ವಲ್ಪ ದಿನಕ್ಕೇ ಎಲ್ಲ ಬಾಗಿಲಿಗೂ ಅಂಟಿಸಿದ್ದರು.

ನಮ್ಮ ವಿಷಯ ಸ್ವಲ್ಪ ಹೇಳಬೇಕು. ನನ್ನ ಗಂಡ ಶ್ರೀಧರ್ ಇಲ್ಲಿಯ ಔಷಧಿ ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್. ಕಂಪನಿ ಎರಡೆರಡು ವರ್ಷಕ್ಕೆ ಒಪ್ಪಂದ ಮಾಡಿಕೊಳ್ಳುತ್ತದೆ. ಪ್ರತಿ ಸಲವೂ ಇದೇ ಕೊನೆ, ಮುಂದಿನ ಸಲ ಮೈಸೂರು ಎಂದುಕೊಂಡೇ ಮೂರನೆಯ ಒಪ್ಪಂದದ ಕೊನೆಗೆ ಬಂದಿದ್ದೇವೆ. ನಾನು ಮೈಸೂರಿನಲ್ಲಿ ಬ್ಯಾಂಕಿನಲ್ಲಿದ್ದವಳು. ಇಲ್ಲಿ ನನ್ನದು ಗಂಡನ ವಾಸದ ಪರವಾನಗಿಗೆ ಅಂಟಿಕೊಂಡ ಪಾಸು, ಕೆಲಸ ಮಾಡುವ ಹಾಗಿಲ್ಲ. ಮಗಳು ಇಂಚರ ಇಲ್ಲಿಗೆ ಬಂದಾಗ ಎರಡು ಜಡೆಯ ಹುಡುಗಿ. ಈಗ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಇಲ್ಲಿ ತಾಯಂದಿರನ್ನು ಮಕ್ಕಳ ಹೆಸರು ಹಿಡಿದು ಕರೆಯುತ್ತಾರೆ. ಗೇಟಿನ ಕಾವಲುಗಾರನಿಗೆ, ತರಕಾರಿಯವಳಿಗೆ ನಾನು ‘ಮಾಮಾ ಇಂಚರಾ’. ನನ್ನ ಸ್ವಂತ ಹೆಸರು ವಸುಮತಿ ಎಂಬುದು ಗೊತ್ತಿರುವವರು ಈ ಊರಿನಲ್ಲಿ ನಾಲ್ಕೈದು ಜನರಿರಬಹುದು.

ಬಂದ ಹೊಸತರಲ್ಲಿ ಇಡ್ಲಿ ಹಿಟ್ಟು ಹುದುಗದೆ ಅತ್ತಿದ್ದೇನೆ. ಸಮಭಾಜಕ ವೃತ್ತದ ಮಗ್ಗುಲಲ್ಲೇ ಇರುವ ಊರಿಗೆ ಜುಲೈಯಲ್ಲಿ ಸ್ವೆಟರ್ ಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಇಲ್ಲಿಯವರ ನಿತ್ಯದ ಸೊಪ್ಪಿಗೆ ‘ಸುಕುಮಾ ವಿಕಿ’ ಎಂದು ಹೆಸರು. ವಾರವನ್ನು ಮುಂದಕ್ಕೆ ನೂಕು ಎಂದು ಅರ್ಥವಂತೆ. ಅದನ್ನು ಬಸಿದು ಬಸ್ಸಾರು ಮಾಡಿದ ದಿನ ದೊಡ್ಡದೇನೋ ಗೆದ್ದಂತೆ ಅನ್ನಿಸಿತ್ತು. ಕರಿಬೇವು, ವೀಳ್ಯದೆಲೆ ಬೇಕಾದರೆ ಮಟಾಟು ಹತ್ತಿ ನ್ಗಾರಾ ಎಂಬ ಬಡಾವಣೆಗೆ ಹೋಗುತ್ತೇನೆ. ಮಟಾಟು ಎಂದರೆ ಇಲ್ಲಿಯ ಖಾಸಗಿ ವ್ಯಾನು. ಮೈತುಂಬ ಚಿತ್ರ ಬರೆಸಿಕೊಂಡು, ಎದೆ ನಡುಗುವಂತೆ ಹಾಡು ಹಾಕಿಕೊಂಡು ಓಡುತ್ತದೆ. ಮೈಸೂರಿನ ಸಿಟಿ ಬಸ್ಸಿನಲ್ಲಿ ಪಕ್ಕದವರು ಯಾವ ಊರು, ಯಾರ ಪೈಕಿ ಎಂದು ಕೇಳಿ ಪ್ರಾಣ ತಿನ್ನುತ್ತಿದ್ದರು. ಇಲ್ಲಿ ಯಾರೂ ಕೇಳುವುದಿಲ್ಲ, ಅದೂ ಪ್ರಾಣ ತಿನ್ನುತ್ತದೆ. ಇವೆಲ್ಲ ಮೊದಲೆರಡು ವರ್ಷದ ಮಾತು. ಆಮೇಲೆ ಅಚ್ಚರಿಯೂ ಹೋಯಿತು, ಅಳುವೂ ಹೋಯಿತು. ಉಳಿದದ್ದು ಒಂದು ಬಗೆಯ ಸುಸ್ತು. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ ಅದು. ಮನೆಗೆ ಹೊಸ ಪರದೆ ಹೊಲಿಸಬೇಕೆಂದರೂ ‘ಎಷ್ಟು ದಿನಕ್ಕೆ?’ ಎಂದು ಕೇಳಿಕೊಂಡು ಸುಮ್ಮನಾಗುವ ಸುಸ್ತು.

ಈಗ ಆ ಶನಿವಾರಕ್ಕೆ ಬರುತ್ತೇನೆ. ಕಾಲಿಂಗ್ ಬೆಲ್ ಆಯಿತು. ಹಳದಿ ವಸ್ತ್ರದ ಹುಡುಗಿಯೇ ನಿಂತಿದ್ದಳು, ಗೇಟಿನ ಕಾವಲುಗಾರನಿಂದ ನನ್ನ ಹೆಸರು ಕೇಳಿಕೊಂಡು ಬಂದಿದ್ದಳು. ಹೆಸರು ಅಕಿನ್ಯಿ. ಚಿತ್ರಕಲಾವಿದೆ, ಎರಡು ವರ್ಷ ಮೆಕ್ಸಿಕೋದಲ್ಲಿ ಓದಿ ಬಂದವಳು. ಶನಿವಾರಗಳಂದು ಜನರನ್ನು ಕರೆದುಕೊಂಡು ನೈರೋಬಿಯ ಭಿತ್ತಿಚಿತ್ರಗಳನ್ನೂ ಸ್ವಾತಂತ್ರ್ಯದ ಹೊತ್ತಿನ ಆಧುನಿಕ ಕಟ್ಟಡಗಳನ್ನೂ ತೋರಿಸುತ್ತಾಳೆ. ಒಳಗಿನ ಮೆಟ್ಟಿಲನ್ನು ನೋಡಬಹುದೇ ಎಂದು ಕೇಳಿದಳು. ಮೆಟ್ಟಿಲಲ್ಲಿ ನೋಡುವುದೇನಿದೆ, ಹತ್ತುವುದು ಇಳಿಯುವುದು ಅಷ್ಟೇ ಎಂದು ಮನಸ್ಸಿನಲ್ಲೇ ಅಂದುಕೊಂಡು ಜೊತೆಗೆ ಹೋದೆ.

ನಮ್ಮ ಮೆಟ್ಟಿಲ ಪಕ್ಕದ ಗೋಡೆ ಮೊದಲಿನಿಂದಲೂ ಒರಟು. ಕೆಳಗಿನಿಂದ ಮೇಲಿನ ಮಹಡಿಯವರೆಗೆ ಹಾಗಲಕಾಯಿಯ ಮೈಯಂತೆ ಉಬ್ಬುತಗ್ಗು, ಅದರ ಮೇಲೆ ಕೆನೆ ಬಣ್ಣದ ಆಯಿಲ್ ಪೇಂಟು. ಇಲ್ಲಿರುವ ಗುಜರಾತಿಗಳು ಪ್ರತಿ ದೀಪಾವಳಿಗೂ ಚಂದಾ ಎತ್ತಿ ಅದಕ್ಕೊಂದು ಕೈ ಬಣ್ಣ ಬಳಿಸುತ್ತಾರೆ, ನಾವೂ ಕೊಟ್ಟಿದ್ದೇವೆ. ಅಕ್ಕಿಯ ಚೀಲ ಹಿಡಿದು ಹತ್ತುವಾಗ ಮೊಣಕೈ ತರಚಿಸಿಕೊಂಡು ಎಷ್ಟೋ ಸಲ ಆ ಗೋಡೆಯನ್ನು ಬೈದಿದ್ದೆ. ಅಕಿನ್ಯಿ ಅದರ ಮೇಲೆ ಅಂಗೈ ಇಟ್ಟಳು. ಕುರುಡರು ಮುಖ ಮುಟ್ಟುವಂತೆ ನಿಧಾನ ಸವರುತ್ತ ನಾಲ್ಕು ಮೆಟ್ಟಿಲು ಹತ್ತಿ ನಿಂತುಬಿಟ್ಟಳು. ಬ್ಯಾಗಿನಿಂದ ಸಣ್ಣ ಚಾಕು ತೆಗೆದು ನನ್ನ ಕಡೆ ನೋಡಿದಳು. ಹೇಗೂ ಕೆಡವುವ ಗೋಡೆ, ನನಗೇನು, ಹ್ಞೂಂ ಅಂದೆ. ಆಕೆ ಕೆರೆದಲ್ಲಿ ಬಣ್ಣದ ಹಾಳೆ ಹಾಳೆಯೇ ಎದ್ದುಬಂತು. ಒಳಗೆ ಇಟ್ಟಿಗೆ ಕೆಂಪಿನ ಒಂದು ಕಲ್ಲಿನ ಚೂರು, ಪಕ್ಕದಲ್ಲಿ ಹಸಿರು, ಅದರ ಪಕ್ಕದಲ್ಲಿ ಮತ್ತೆ ಕೆಂಪು.

“ಮಾಮಾ ಇಂಚರಾ, ನೀವು ಇಷ್ಟು ವರ್ಷ ಚಿತ್ರದ ಮೇಲೆ ಕೈಯಿಟ್ಟುಕೊಂಡು ಹತ್ತಿದ್ದೀರಿ” ಅಂದಳು.

ಮುಂದಿನ ವಾರ ದುಡ್ಡು ಬೇಡ ಬನ್ನಿ ಎಂದು ಆಕೆಯೇ ನನ್ನನ್ನು ತನ್ನ ಸುತ್ತಾಟಕ್ಕೆ ಕರೆದಳು. ಬೇರೆ ಕೆಲಸವಿಲ್ಲದ್ದಕ್ಕೆ ಹೋದೆ. ನಗರದ ನಡುವಿನ ದುಂಡು ಗೋಪುರ, ಮಾರುಕಟ್ಟೆಯ ಎತ್ತರದ ಕಮಾನುಗಳು, ನ್ಗಾರಾದ ಹಳೆಯ ಮಳಿಗೆಗಳ ಮೇಲಿನ ಮನೆಗಳು. ಕಾಲು ಊದಿಕೊಳ್ಳುವಷ್ಟು ನಡೆಸಿದಳು. ನಿಂತಲ್ಲೆಲ್ಲ ಟ್ಯಾಬ್ಲೆಟ್ಟಿನಲ್ಲಿ ಮೆಕ್ಸಿಕೋದ ಚಿತ್ರ ತೋರಿಸುತ್ತಿದ್ದಳು. ಅಲ್ಲಿ ಕ್ರಾಂತಿಯಾದ ಮೇಲೆ ಓದುಬಾರದ ಜನಕ್ಕೆ ಅವರ ಕಥೆಯನ್ನು ಅವರಿಗೇ ತೋರಿಸಬೇಕೆಂದು ಸರಕಾರವೇ ಚಿತ್ರಗಾರರನ್ನು ಕರೆದು ಕಚೇರಿ, ಶಾಲೆ, ಅರಮನೆಗಳ ಗೋಡೆಗಳನ್ನು ಬಿಟ್ಟುಕೊಟ್ಟಿತಂತೆ. ರೈತರು, ಗಣಿಯವರು, ರೊಟ್ಟಿ ತಟ್ಟುವ ಹೆಂಗಸರು ಆನೆಯಷ್ಟೆತ್ತರದ ಚಿತ್ರಗಳಾಗಿ ಗೋಡೆ ಹತ್ತಿದರು. ಮೆಟ್ಟಿಲ ಗೋಡೆ ಎಂದರೆ ಆ ಚಿತ್ರಗಾರರಿಗೆ ಬಲು ಇಷ್ಟ. ಯಾರು ಬಂದರೂ ಹತ್ತಲೇಬೇಕಲ್ಲ. ಅಲ್ಲಿಯ ಒಂದು ಗ್ರಂಥಾಲಯಕ್ಕೆ ದೇಶದ ಮೂಲೆಮೂಲೆಯಿಂದ ಬಣ್ಣದ ಕಲ್ಲು ತರಿಸಿ ಹೊರಗೋಡೆ ಪೂರ್ತಿ ಚಿತ್ರ ಕೂರಿಸಿದ್ದಾರೆ. ನಮ್ಮ ಕಟ್ಟಡದ ವಾಸ್ತುಶಿಲ್ಪಿ ಅದನ್ನು ನೋಡಿಬಂದವನೇ ಇರಬೇಕು ಎಂದು ಅಕಿನ್ಯಿಯ ಊಹೆ. ನಮ್ಮ ಗೋಡೆಯ ಕಲ್ಲುಗಳೂ ಈ ದೇಶದ ಬೇರೆಬೇರೆ ಕಡೆಯವು.

ಕಿಟಕಿಯ ಮುಂದಿನ ಪಟ್ಟಿಗಳ ಗುಟ್ಟನ್ನೂ ಅವಳೇ ಹೇಳಿದಳು. ಅವು ಬಿಸಿಲನ್ನು ಒಡೆಯುವ ಪಟ್ಟಿಗಳು. ಇಲ್ಲಿ ಸೂರ್ಯ ಅರ್ಧ ವರ್ಷ ಉತ್ತರಕ್ಕೆ, ಅರ್ಧ ವರ್ಷ ದಕ್ಷಿಣಕ್ಕೆ ವಾಲುವುದರಿಂದ ಮನೆಯ ಎರಡೂ ಕಡೆ ಬೇಕು. ಸಂಡಿಗೆ ಒಣಗಿಸುವವಳಿಗೆ ಇದು ಗೊತ್ತಾಗದೆ ಇರುತ್ತದೆಯೇ? ಜನವರಿಯಲ್ಲಿ ಒಂದು ಬಾಲ್ಕನಿ, ಜೂನಿನಲ್ಲಿ ಇನ್ನೊಂದು ಎಂದು ತಟ್ಟೆ ಹೊತ್ತು ಓಡಾಡುತ್ತಿದ್ದೆ. ಮೈಸೂರಿನ ಮನೆಯಲ್ಲಿ ಬಿಸಿಲಿಗೊಂದು ಜಾಗವಿತ್ತು, ಅದು ಅಲ್ಲೇ ಬರುತ್ತಿತ್ತು. ಇಲ್ಲಿಯ ಬಿಸಿಲಿಗೂ ಮನೆ ಬದಲಿಸುವ ಅಭ್ಯಾಸ ಎಂದುಕೊಂಡಿದ್ದೆ. ಯಾರೋ ಅದನ್ನು ಯೋಚಿಸಿ, ಲೆಕ್ಕಹಾಕಿ, ನನ್ನಂಥ ಒಬ್ಬಳು ಒಳಗೆ ತಂಪಾಗಿ ಕೂರಲೆಂದು ಮಾಡಿದ್ದರು ಎಂದು ತಿಳಿದಾಗ ಆ ಮನೆಯ ಮೇಲೆ ಮೊದಲ ಸಲ ಆಸೆ ಹುಟ್ಟಿತು. ಖಾಲಿ ಮಾಡಬೇಕಾದ ಮನೆಯ ಮೇಲೆ ಹುಟ್ಟಿದ ಆಸೆ. ನನ್ನ ನಸೀಬೇ ಹಾಗೆ.

ಅಕಿನ್ಯಿ ಆಸೆಗೆ ಇನ್ನಷ್ಟು ನೀರೆರೆದಳು. ಈ ಗೋಡೆ ಯಾರ ಕೆಲಸ ಎಂದು ಸಾಬೀತಾದರೆ, ಕಟ್ಟಡವನ್ನು ಉಳಿಸಬೇಕಾದ ಹಳೆಯ ಕಟ್ಟಡಗಳ ಸಾಲಿಗೆ ಸೇರಿಸಲು ಅರ್ಜಿ ಹಾಕಬಹುದು, ಕೆಡವುವುದು ನಿಲ್ಲಬಹುದು. ಇಂಥ ಚಿತ್ರಗಳಲ್ಲಿ ಮಾಡಿದವರ ಗುರುತು ಸಾಮಾನ್ಯವಾಗಿ ಕೆಳಗೆ ಬಲಮೂಲೆಯಲ್ಲಿರುತ್ತದೆ. ಅವಳೂ ಅವಳ ವಿದ್ಯಾರ್ಥಿಗಳೂ ಶನಿವಾರ ಶನಿವಾರ ಬಂದು ಮೇಲಿನಿಂದ ಬಣ್ಣ ಸುಲಿಯತೊಡಗಿದರು. ನಮ್ಮ ಇಂಚರಳೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೇರಿದಳು. ಚಹಾದ ಬುಟ್ಟಿ ಹೊತ್ತ ಹೆಂಗಸು, ರೈಲಿನ ಹಳಿ ಎತ್ತಿದ ನಾಲ್ಕು ಜನ, ತಕ್ಕಡಿ ಹಿಡಿದ ಟೋಪಿಯ ಅಂಗಡಿಯವನು ಒಬ್ಬೊಬ್ಬರಾಗಿ ಹೊರಬಂದರು. ಬಲಮೂಲೆಗೆ ಬಂದಾಗ ಕೆಲಸ ನಿಂತಿತು. ಅಲ್ಲಿ ದೇವರಿದ್ದರು.

ನಮ್ಮ ಊರುಗಳಲ್ಲಿ ಇದನ್ನು ನೋಡದವರಿಲ್ಲ. ಜನ ಎಲೆಯಡಿಕೆ ಉಗಿಯುವ ಮೂಲೆಗೆ, ಅದಕ್ಕಿಂತ ಕೆಟ್ಟದ್ದು ಮಾಡುವ ಗೋಡೆಗೆ ದೇವರ ಟೈಲ್ಸ್ ಅಂಟಿಸುತ್ತಾರೆ. ಬೈಗುಳಕ್ಕೆ ಬಗ್ಗದವನು ದೇವರಿಗೆ ಬಗ್ಗುತ್ತಾನೆ ಎಂಬ ನಂಬಿಕೆ. ನಮ್ಮ ಮೆಟ್ಟಿಲಿನ ಬುಡದಲ್ಲೂ ಬಹಳ ವರ್ಷದ ಹಿಂದೆ ಹಾಗೇ ಮಾಡಿದ್ದರು. ಗಣಪತಿ, ಅಂಬಾ ಮಾತೆ, ಕೃಷ್ಣ, ಯಾರಿಗೂ ಬೇಸರವಾಗದಿರಲೆಂದು ಒಂದು ಮೆಕ್ಕಾ, ಒಂದು ಯೇಸು. ಅಂಟಿಸಿದವರು ನೆಲಮಹಡಿಯ ಹಂಸಾಬೆನ್.

ಹಂಸಾಬೆನ್ ಎಪ್ಪತ್ತು ದಾಟಿದ ಗುಜರಾತಿ ವಿಧವೆ. ಹುಟ್ಟಿದ್ದು ನ್ಗಾರಾದಲ್ಲಿ, ಮದುವೆಯಾಗಿ ಬಂದದ್ದು ಈ ಕಟ್ಟಡಕ್ಕೆ. ಆಗಲೇ ಮೆಟ್ಟಿಲ ಗೋಡೆಗೆ ಬಣ್ಣ ಬಳಿದಾಗಿತ್ತು. ಟೈಲ್ಸನ್ನು ಅವರ ಗಂಡ ಗುಜರಾತಿನಿಂದ ಹಡಗಿನಲ್ಲಿ ತರಿಸಿದ್ದರು. ನಾನು ಬಂದ ಹೊಸತರಲ್ಲಿ ಜ್ವರ ಬಂದು ಮಲಗಿದ್ದಾಗ ಖಿಚಡಿ ತಂದು ಕೊಟ್ಟವರು ಅವರೇ. ನಾವಿಬ್ಬರೂ ಮಾತಾಡುವುದು ನನ್ನ ಹರಕು ಹಿಂದಿಯಲ್ಲಿ. ಅಕಿನ್ಯಿಯ ಪರವಾಗಿ ಕೇಳಲು ಹೋದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ ಆಕೆ ಬಾಗಿಲ ಚೌಕಟ್ಟಿಗೆ ಅಡ್ಡ ನಿಂತರು. ಗೋಡೆಯಲ್ಲಿ ನೆಲೆಯಾದ ದೇವರನ್ನು ಉಳಿ ಇಟ್ಟು ಕೀಳಲು ತಾನು ಬದುಕಿರುವವರೆಗೆ ಬಿಡುವುದಿಲ್ಲ ಎಂದರು. ಮನೆ ಉಳಿಯಬಹುದಲ್ಲ ಎಂದೆ. ಆಗ ಅವರ ಧ್ವನಿ ಇಳಿಯಿತು.

“ನಿನಗೇನಮ್ಮ, ಬಾಗಿಲು ಮುಚ್ಚಿದ್ರೆ ಹೋಗೋಕೆ ಒಂದು ಮೈಸೂರಿದೆ. ನನ್ನ ಮಕ್ಕಳು ಇಂಗ್ಲೆಂಡಿನ ಲೆಸ್ಟರಲ್ಲಿದ್ದಾರೆ, ಅದು ಅವರ ಊರು. ಇಂಡಿಯಾಕ್ಕೆ ನಾನು ಮದುವೆ ಊಟಕ್ಕೆ ಹೋಗಿರೋದು ಅಷ್ಟೇ. ದೇವರನ್ನೂ ಕಿತ್ತುಬಿಟ್ರೆ ನಾನು ಹೊರಡೋಕೆ ಒಪ್ಪಿಕೊಂಡ ಹಾಗಲ್ವಾ?”

ಮನೆಗೆ ಬಂದು ಯಜಮಾನರಿಗೆ ಹೇಳಿದರೆ ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಕಂಪನಿಯವರು ಇನ್ನೆರಡು ವರ್ಷಕ್ಕೆ ಕೇಳುತ್ತಿದ್ದಾರೆ, ಮೈಸೂರಿಗೆ ಹೋಗುವುದೂ ಇದೆ, ನೋಡೋಣ ಅಂದರು. ಆರು ವರ್ಷದಿಂದ ಕೇಳುತ್ತಿರುವ ‘ನೋಡೋಣ’ ಅದು. ಇಂಚರ ಮಾತ್ರ, “ಅಮ್ಮಾ, ದೇ ಆರ್ ಜಸ್ಟ್ ಟೈಲ್ಸ್” ಅಂದಳು. ಹಾಗಂತ ನಾನೂ ಅಂದುಕೊಳ್ಳಬಹುದಿತ್ತು. ಆದರೆ ಆರು ವರ್ಷ ಹತ್ತಿ ಇಳಿಯುವಾಗೆಲ್ಲ ನಾನು ಆ ಗಣಪತಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೆ. ನಮ್ಮ ಮನೆಯ ಕಷ್ಟಸುಖವೆಲ್ಲ ಆತನಿಗೆ ಗೊತ್ತು.

ವರಮಹಾಲಕ್ಷ್ಮಿ ಹಬ್ಬದ ಮರುದಿನ ಬೆಳಿಗ್ಗೆ ದಾರಿ ಹೊಳೆಯಿತು. ಕಳಶ ತೆಗೆಯಬೇಕಿತ್ತು. ನಮ್ಮಲ್ಲಿ ಕಳಶವನ್ನು ಹಾಗೇ ಎತ್ತುವುದಿಲ್ಲ. ಮೊದಲು ಕದಲಿಸಬೇಕು. ಆರತಿ ಎತ್ತಿ, ಅಕ್ಷತೆ ಹಾಕಿ, ಹೋಗಿ ಬಾ ತಾಯಿ, ಮತ್ತೆ ಬಾ ಎಂದು ಹೇಳಿ, ಕಳಶವನ್ನು ಉತ್ತರದ ಕಡೆಗೆ ಒಂದಿಷ್ಟೇ ಸರಿಸಬೇಕು. ಅಲ್ಲಿಗೆ ಲಕ್ಷ್ಮಿ ಹೊರಟಳು. ಉಳಿದದ್ದು ಚೊಂಬು, ನೀರು, ತೆಂಗಿನಕಾಯಿ. ಆ ಕಾಯಿ ಒಡೆದು ಪಾಯಸ ಮಾಡಿಕೊಂಡು ತಿನ್ನುತ್ತೇವೆ, ಯಾರೂ ಪಾಪ ಎನ್ನುವುದಿಲ್ಲ. ಅದೇ ಪಾಯಸವನ್ನು ಬಟ್ಟಲಿಗೆ ಹಾಕಿಕೊಂಡು ಕೆಳಗಿಳಿದು ಹಂಸಾಬೆನ್ನರಿಗೆ ಇದನ್ನೆಲ್ಲ ಹೇಳಿದೆ. ಆಕೆ ಪಾಯಸ ಪೂರ್ತಿ ಮುಗಿಸಿ, ಬಟ್ಟಲು ತೊಳೆದು ಕೈಗೆ ಕೊಟ್ಟು, ಕೊನೆಗೆ ಕೇಳಿದರು: “ಚೊಂಬು ಸರಿ. ಸಿಮೆಂಟಲ್ಲಿ ಕೂತಿರೋ ದೇವರನ್ನ ಹೇಗೆ ಸರಿಸ್ತೀಯಾ?”

ಪ್ರಶ್ನೆ ಸರಿಯಾಗಿಯೇ ಇತ್ತು. ಒಂದು ವಾರ ಅದನ್ನೇ ತಲೆಯಲ್ಲಿ ಹೊತ್ತು ತಿರುಗಿದೆ. ಆಮೇಲೆ ಅವರಿಗೆ ಹೇಳಿದೆ: ದೇವರನ್ನು ಹೂವಿಗೆ ಕರೆಯೋಣ, ಹೂವನ್ನು ಸರಿಸೋಣ. ಶಾಸ್ತ್ರದಲ್ಲಿ ಹೀಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಪರಸ್ಥಳದಲ್ಲಿ ಹೆಂಗಸರು ನಾವೇ ಪುರೋಹಿತರು, ನಾವೇ ಪಂಚಾಂಗ. ಹಂಸಾಬೆನ್, ಮನೆ ಉಳಿಯುವುದಾದರೆ ದೇವರೇ ಸ್ವಲ್ಪ ಜರುಗಲಿ ಅಂದರು.

ಶನಿವಾರ ಬೆಳಿಗ್ಗೆ ಮೆಟ್ಟಿಲು ತೊಳೆದು ರಂಗೋಲಿ ಎಳೆದೆ. ನಮ್ಮ ದೇವರ ಒಂದೊಂದು ಟೈಲ್ಸಿಗೂ ಗಂಧದ ಬೊಟ್ಟಿಟ್ಟು, ಅದಕ್ಕೆ ಒಂದೊಂದು ಸೇವಂತಿಗೆ ಅಂಟಿಸಿ, ಆರತಿ ಎತ್ತಿ, ಹೋಗಿ ಬನ್ನಿ ಎಂದು ಹೂಗಳನ್ನು ತಟ್ಟೆಗೆ ತೆಗೆದುಕೊಂಡು ಉತ್ತರಕ್ಕೆ ಸರಿಸಿದೆವು. ಮೆಕ್ಕಾದ ಟೈಲ್ಸಿಗೆ ಮೂರನೆಯ ಮಹಡಿಯ ಬೋಹ್ರಾ ಮುಸ್ಲಿಂ ಗೃಹಿಣಿ ಬಂದು ತಮ್ಮ ಪ್ರಾರ್ಥನೆ ಹೇಳಿಕೊಂಡರು. ಯೇಸುವಿನ ಮುಂದೆ ತೊಡಕಾಯಿತು. ಟೈಲ್ಸ್ ಬಿಡಿಸಲು ಬಂದ ಫುಂಡಿ ಮ್ವಾಂಗಿ ಉಳಿ ಕೆಳಗಿಟ್ಟು ತಾನಿದನ್ನು ಹೊಡೆಯಲಾರೆ ಅಂದ. ಇಲ್ಲಿ ಕಸುಬಿನ ಕೆಲಸಗಾರರಿಗೆಲ್ಲ ‘ಫುಂಡಿ’ ಎನ್ನುತ್ತಾರೆ. ನಮ್ಮ ಗಾರೆಯವನೂ ಫುಂಡಿಯೇ, ಟೈಲರೂ ಫುಂಡಿಯೇ. ಯಾಕೆ ಹೊಡೆಯಲಾರೆ ಎಂದು ಮ್ವಾಂಗಿಯನ್ನು ಕೇಳಿದರೆ, ನಿಮ್ಮವರಿಗೆಲ್ಲ ಹೂ ಕೊಟ್ಟಿರಿ, ನಮ್ಮವನಿಗೆ ಏನೂ ಇಲ್ಲ ಅಂದ. ನನಗೆ ನಾಚಿಕೆಯಾಯಿತು. ಒಂದು ಹೂ ಅವನ ಕೈಗೆ ಕೊಟ್ಟೆ. ಟೋಪಿ ತೆಗೆದು ಕಣ್ಣು ಮುಚ್ಚಿ ಸ್ವಾಹಿಲಿಯಲ್ಲಿ ಉದ್ದಕ್ಕೆ ಏನೋ ಹೇಳಿಕೊಂಡ ಮೇಲೆ ಉಳಿ ಎತ್ತಿಕೊಂಡ.

ಟೈಲ್ಸುಗಳು ಒಂದೊಂದಾಗಿ ಬಿಟ್ಟುಕೊಂಡವು. ಕೃಷ್ಣ ಎರಡು ತುಂಡಾದ, ಹಂಸಾಬೆನ್ ಎರಡನ್ನೂ ತಟ್ಟೆಯಲ್ಲಿ ಜೋಡಿಸಿಟ್ಟರು. ಗಣಪತಿ ಇಡಿಯಾಗಿ ಬಂದ. ಅಕಿನ್ಯಿ ಮಂಡಿಯೂರಿ ಸಿಮೆಂಟಿನ ಪುಡಿಯನ್ನೂ ಅದರಡಿಯ ಹಳೆಯ ಬಣ್ಣವನ್ನೂ ಕೆರೆದು ಒರೆಸಿದಳು. ಅಲ್ಲಿ ಹೆಸರಿರಲಿಲ್ಲ. ಪಾದಗಳಿದ್ದವು. ಮೇಲಿನಿಂದ ನಾವು ಬಿಡಿಸುತ್ತ ಬಂದಿದ್ದ ಜನರ ಪಾದಗಳೆಲ್ಲ ಆ ಮೂಲೆಯಲ್ಲಿ ಸಾಲಾಗಿದ್ದವು. ಬರಿಗಾಲು, ಬೂಟುಗಾಲು, ಹರಿದ ಚಪ್ಪಲಿಯ ಕಾಲು, ಕೊನೆಯಲ್ಲಿ ಕಾಲುಂಗುರ ತೊಟ್ಟ ಹೆಂಗಸಿನ ಕಾಲು. ಉಂಗುರಕ್ಕೆ ಇಟ್ಟಿದ್ದ ಬಿಳಿಯ ಕಲ್ಲು ಮಾತ್ರ ಜಾಗದಲ್ಲಿರಲಿಲ್ಲ. ಹುಡುಕಿದರೆ ಗಣಪತಿಯ ಟೈಲ್ಸಿನ ಬೆನ್ನಿಗೆ, ಸಿಮೆಂಟಿನ ಜೊತೆ ಅಂಟಿಕೊಂಡು ಬಂದಿತ್ತು.

ಹಂಸಾಬೆನ್ ಗೋಡೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತರು. “ಇಷ್ಟು ವರ್ಷ ನಾನು ದೇವರನ್ನ ಜನರ ಕಾಲ ಮೇಲೆ ಕೂರಿಸಿದ್ನಾ?” ಎಂದರು.

“ಕಾಲು ಕಾಯ್ತಾ ಇದ್ರು ಅಂದ್ಕೊಳ್ಳಿ” ಎಂದೆ. ಸುಳ್ಳೂ ಅಲ್ಲ. ಎದ್ದುಬಂದ ಆ ಒಂದು ಕಲ್ಲು ಬಿಟ್ಟರೆ, ಇಡೀ ಗೋಡೆಯಲ್ಲಿ ಒಂದು ಕಲೆ, ಒಂದು ಗೀರಿಲ್ಲದೆ ಉಳಿದದ್ದು ಆ ಮೂಲೆಯೊಂದೇ.

ಅಕಿನ್ಯಿ ಸಮಾಧಾನ ಹೇಳಿದಳು. ಗೋಡೆ ಎಲ್ಲರದು ಎಂದು ನಂಬಿ ಹೆಸರು ಹಾಕದ ಚಿತ್ರಗಾರರೂ ಇರುತ್ತಾರಂತೆ. ಮಾತೇನೋ ಚಂದ, ಆದರೆ ಹೆಸರಿಲ್ಲದ ಗೋಡೆಯ ಅರ್ಜಿಗೆ ತೂಕವಿಲ್ಲ. ಕೆಲವು ತಿಂಗಳ ಮೇಲೆ ಕಟ್ಟುವ ಕಂಪನಿಯ ಕಡೆಯಿಂದ ನಯವಾದ ಒಬ್ಬ ಯುವಕ ಬಂದ. ಗೋಡೆಯ ಮುಂದೆ ನಿಂತು ಬಹಳ ಮೆಚ್ಚಿಕೊಂಡ. ಇದನ್ನು ನಾಶ ಮಾಡುವುದಿಲ್ಲ, ತುಂಡು ತುಂಡಾಗಿ ಬಿಡಿಸಿ ಹೊಸ ಕಟ್ಟಡದ ಸ್ವಾಗತ ಕೋಣೆಯಲ್ಲಿ ಗಾಜಿನ ಹಿಂದೆ ನಿಲ್ಲಿಸುತ್ತೇವೆ ಎಂದ. ನಮ್ಮ ವಿಷಯ ಕೇಳಿದ್ದಕ್ಕೆ, ವರ್ಷದ ಕೊನೆಯೊಳಗೆ ಖಾಲಿ ಮಾಡಿದರೆ ಅನುಕೂಲ ಎಂದ. ಗೋಡೆಗೆ ಪಾರ್ಕ್‌ಲ್ಯಾಂಡ್ಸಿನಲ್ಲಿ ಖಾಯಂ ವಿಳಾಸ ಸಿಕ್ಕಿತು. ಅದಕ್ಕೆ ಮೈ ಒರಗಿಸಿಕೊಂಡು ಹತ್ತಿದವರಿಗೆ ಸಿಗಲಿಲ್ಲ.

ಅಕಿನ್ಯಿ ನನ್ನ ಕೈ ಹಿಡಿದು ‘ಪೋಲೆ’ ಎಂದಳು, ಮತ್ತೆ ಮತ್ತೆ ಎಂದಳು. ಈ ಮಾತಿಗೆ ಸರಿಯಾದ ಪದ ನಮ್ಮಲ್ಲಿಲ್ಲ. ಕ್ಷಮಿಸಿ ಎಂದಲ್ಲ. ನೀನು ಎಡವಿದರೂ, ಸೋತು ಬಂದರೂ, ಮನೆಯಲ್ಲಿ ಸಾವಾದರೂ ಇಲ್ಲಿಯವರು ಪೋಲೆ ಎನ್ನುತ್ತಾರೆ. ನಿನ್ನ ಕಷ್ಟ ಕಂಡೆ ಎಂದು ಅರ್ಥವಿರಬೇಕು. ನಮ್ಮ ‘ಪಾಪ’ ಹತ್ತಿರ ಬರುತ್ತದೆ, ಆದರೆ ಪಾಪ ಎಂದು ನಾವು ಬೆನ್ನ ಹಿಂದೆ ಅನ್ನುತ್ತೇವೆ, ಇವರು ಮುಖ ನೋಡಿಯೇ ಅನ್ನುತ್ತಾರೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹಂಸಾಬೆನ್ನರ ಮುಖ ನೋಡುವುದಕ್ಕೆ ಮಾತ್ರ ಧೈರ್ಯ ಬರಲಿಲ್ಲ. ಮನೆ ಉಳಿಯುತ್ತದೆಂದು ದೇವರನ್ನು ಎಬ್ಬಿಸಿದವಳು ನಾನಲ್ಲವೇ?

ಅವರ ಮಕ್ಕಳು ಅವರಿಗೆ ಲಿಫ್ಟಿರುವ ಇನ್ನೊಂದು ಫ್ಲ್ಯಾಟು ಗೊತ್ತುಮಾಡಿದರು, ದೇವಸ್ಥಾನದ ಹಿಂದಿನ ರಸ್ತೆಯಲ್ಲಿ. ಹೊರಡುವ ದಿನ ಶನಿವಾರವೇ ಬಂತು. ಅಕಿನ್ಯಿಯ ಗುಂಪು ಮೆಟ್ಟಿಲ ಮೇಲಿತ್ತು. ಗೋಡೆಯ ಕಥೆ ಹೇಳು ಎಂದು ನನ್ನನ್ನೇ ಮುಂದೆ ನೂಕಿದಳು. ಹೊರಗೆ ಹಂಸಾಬೆನ್ನರ ಸಾಮಾನಿನ ಲಾರಿ, ಒಳಗೆ ನನ್ನ ಇಂಗ್ಲಿಷು. ಕಥೆ ಹೇಳುತ್ತ ಪಾದಗಳ ಹತ್ತಿರ ಬಂದೆ. ಕಾಲುಂಗುರದ ಜಾಗ ಖಾಲಿಯೇ ಇತ್ತು. ಕಲ್ಲನ್ನು ಬಿಡಿಸಿ ಮತ್ತೆ ಕೂರಿಸುತ್ತೇನೆ, ಟೈಲ್ಸ್ ಕೊಡಿ ಎಂದು ಅಕಿನ್ಯಿ ಕೇಳಿದ್ದಳು. ಗಣಪತಿಯ ಬೆನ್ನಿಗೆ ಇನ್ನೊಮ್ಮೆ ಉಳಿ ಹಾಕುವುದು ಬೇಡ ಎಂದು ಹಂಸಾಬೆನ್ ಟೈಲ್ಸನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದರು.

ಗುಂಪು ಮೇಲೆ ಹೋದ ಮೇಲೆ ಆಕೆ ಖಾಲಿ ಮನೆಯ ಹೊಸ್ತಿಲೊಳಗಿನಿಂದ ನನ್ನನ್ನು ಕರೆದರು. ಕೈಯಲ್ಲಿ ಆ ಗಣಪತಿ.

“ದೇವರಿಗೆ ಮಾಡಿದೆಯಲ್ಲ, ನನಗೂ ಹಾಗೇ ಮಾಡು” ಎಂದರು.

ಹಿರಿಯರು, ಗಂಡ ಸತ್ತ ಮನೆಯಿಂದ ಹೊರಡುತ್ತಿರುವವರು. ನಾನು ಹೇಗೆ ಮಾಡಲಿ? ಅಕ್ಷತೆಯೂ ಇರಲಿಲ್ಲ, ಆರತಿಯೂ ಇರಲಿಲ್ಲ. ಅವರು ಬಿಡಲಿಲ್ಲ, ಕೈ ಚಾಚಿಕೊಂಡೇ ನಿಂತಿದ್ದರು. ಹಿಡಿದೆ. ಆ ಮನೆಯ ಬಾಗಿಲು ಉತ್ತರಕ್ಕೇ ಇದೆ. ಹೋಗಿ ಬನ್ನಿ, ಮತ್ತೆ ಬನ್ನಿ ಎಂದು ಕನ್ನಡದಲ್ಲೇ ಹೇಳಿದೆ, ಆ ಮಾತು ಬೇರೆ ಭಾಷೆಯಲ್ಲಿ ನನಗೆ ಬರುವುದಿಲ್ಲ. ಮತ್ತೆ ಬರಲು ಅಲ್ಲಿ ಮನೆಯಿರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆಕೆ ಹೊಸ್ತಿಲು ದಾಟಿದರು. ನಾನು ಜೋರಾಗಿ ಅತ್ತುಬಿಟ್ಟೆ, ಅವರು ಅಳಲಿಲ್ಲ.

ಮೈಸೂರಿನಿಂದ ಹೊರಟ ದಿನ ನಮ್ಮನ್ನು ಹೀಗೆ ಯಾರೂ ಕದಲಿಸಿರಲಿಲ್ಲ. ಅವಸರದಲ್ಲಿ ಟ್ಯಾಕ್ಸಿ ಬಂತು, ಸೂಟ್‌ಕೇಸು ತೂಗಿ ನೋಡಿದೆವು, ಬೀಗ ಹಾಕಿ ಬಂದೆವು. ರಜೆಗೆ ಅಲ್ಲಿಗೆ ಹೋದರೆ ಅತ್ತಿಗೆ ಕಾಫಿ ಕೊಡುವಾಗಲೇ ವಾಪಸ್ಸು ಯಾವಾಗ ಹೊರಡ್ತೀರಿ ಎಂದು ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದ ಅಲ್ಲ. ಇಲ್ಲಿಯ ವಿಮಾನ ನಿಲ್ದಾಣದಲ್ಲಿ ಹೊರಡುವವರಿಗೆ ‘ಕರಿಬು ಟೆನಾ’ ಎನ್ನುತ್ತಾರೆ, ಮತ್ತೆ ಬನ್ನಿ ಎಂದು. ಎರಡು ಊರಿನವರೂ ಹೋಗಿ ಬಾ ಎನ್ನುವವರೇ. ಇರು ಎಂದು ನನಗೆ ಯಾರಾದರೂ ಹೇಳಿ ಎಷ್ಟು ಕಾಲವಾಯಿತೋ.

ಕಾರು ಹತ್ತಿದ ಹಂಸಾಬೆನ್ ಟೈಲ್ಸನ್ನು ಮಡಿಲಲ್ಲಿಟ್ಟುಕೊಂಡು ಗಾಜು ಇಳಿಸಿದರು. ಹೊಸ ಮನೆಯ ದಾರಿ ವಿವರಿಸಿದರು, ಖಿಚಡಿಗೆ ಬಾ ಎಂದರು. ಆಮೇಲೆ ನನ್ನ ಕೈಮೇಲೆ ಕೈಯಿಟ್ಟು, “ವಸುಮತಿ, ನೀನು ಇಲ್ಲೇ ಇರು” ಅಂದರು.

ಮೇಲೆ ನಮ್ಮ ಮನೆಯಲ್ಲೂ ಅರ್ಧ ಸಾಮಾನು ಡಬ್ಬಗಳಲ್ಲಿತ್ತು. ಕಂಪನಿಯ ಒಪ್ಪಂದ ಯಜಮಾನರ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದಿತ್ತು. ಡಬ್ಬಗಳು ಇದೇ ಊರಿನ ರಿವರ್‌ಸೈಡಿನ ಹೊಸ ಫ್ಲ್ಯಾಟಿಗೋ ಮೈಸೂರಿಗೋ ಎಂದು ಇನ್ನೂ ನೋಡುತ್ತಲೇ ಇದ್ದೆವು. ನಾನು ಹ್ಞೂಂ ಅಂದೆ. ಕಾರು ತಿರುವು ದಾಟುವವರೆಗೆ ಅಲ್ಲೇ ನಿಂತಿದ್ದು, ಗೋಡೆಯ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲು ಹತ್ತಿದೆ.